ಸಂಗಮದಿಂದ ಕಣಕುಂಬಿಗೆ, ಕಣಕುಂಬಿಯಿಂದ ಕಡಲಿಗೆ

ದಸರೆಯ ರಜೆಯಲ್ಲಿ ಬಾಗಲಕೋಟೆಯಿಂದ ಕಾರಿನಲ್ಲಿ ಹೊರಡುವವರು ಸಾಮಾನ್ಯವಾಗಿ ಹುಬ್ಬಳ್ಳಿಯ ದಾರಿ ಹಿಡಿದು, ಯಲ್ಲಾಪುರ ದಾಟಿ ಘಟ್ಟ ಇಳಿದು, ಸಂಜೆಯೊಳಗೆ ಗೋಕರ್ಣವನ್ನೋ ಮುರುಡೇಶ್ವರವನ್ನೋ ಮುಟ್ಟಿಬಿಡುತ್ತಾರೆ. ನಾವು ಈ ಸಲ ಹಾಗೆ ಮಾಡಲಿಲ್ಲ. ನಮ್ಮ ಜಿಲ್ಲೆಯ ಗುಡಿಗಳು, ಸಹ್ಯಾದ್ರಿಯ ಜಲಪಾತಗಳು, ಅದರಾಚೆಯ ಕಡಲು ಇವೆಲ್ಲ ಬೇರೆ ಬೇರೆ ನೋಟಗಳಲ್ಲ, ಒಂದೇ ಹೊಳೆಯ ಸಾಲು ಹಿಡಿದು ಹೋದರೆ ಅವು ಹೇಗೆ ಕೂಡಿಕೊಂಡಿವೆ ಎಂಬುದು ಕಾಣುತ್ತದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಮೂಡಣ ದಿಕ್ಕಿಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನದಿಯನ್ನು ಕೊನೆಯಿಂದ ಮೊದಲಿಗೆ ಏರಿಹೋಗಿ, ಅದು ಹುಟ್ಟುವ ಜಾಗದಿಂದ ಘಟ್ಟ ದಾಟಿ ಪಡುವಣ ಕಡಲಿಗೆ ಇಳಿಯುವುದೆಂದು ಗೊತ್ತುಮಾಡಿಕೊಂಡೆವು. ಗೋಕಾಕದ ಜಲಪಾತವನ್ನು ಇದೇ ಕಾರಣಕ್ಕೆ ಬಿಟ್ಟೆವು. ಘಟಪ್ರಭೆ 52 ಮೀಟರು ಎತ್ತರದಿಂದ ಧುಮುಕುವ ಆ ತಾಣಕ್ಕೆ ಒಂದು ದಿನವನ್ನೇ ತೆಗೆದಿಡಬೇಕು, ಮತ್ತು ಅದು ಬೇರೆ ಹೊಳೆಯ ಕಥೆ.

ಕಾರಿನಲ್ಲಿ ಯಜಮಾನರು, ನಾನು, ಕಾಲೇಜಿಗೆ ಹೋಗುವ ಮಗಳು ಮತ್ತು ಅತ್ತೆಯವರು ಇದ್ದೆವು. ಅತ್ತೆಯವರ ತವರು ಬಾದಾಮಿ ತಾಲ್ಲೂಕಿನ ಹೊಳೆಸಾಲಿನ ಊರು. ಹುಟ್ಟಿದಾಗಿನಿಂದ ಮಲಪ್ರಭೆಯ ನೀರು ಕುಡಿದು ಬೆಳೆದ ಅವರು, ಆ ಹೊಳೆ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿರಲಿಲ್ಲ.

ಮೊದಲನೆಯ ದಿನ: ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು

ಬೆಳಗಿನ ಬಿಸಿಲು ಏರುವ ಮೊದಲೇ ಕೂಡಲಸಂಗಮ ತಲುಪಿದೆವು. ಬಾಗೇವಾಡಿಯನ್ನು ಬಿಟ್ಟುಬಂದ ಬಾಲಕ ಬಸವಣ್ಣ ವಿದ್ಯೆ ಕಲಿತದ್ದು ಇಲ್ಲಿ, ಕಲ್ಯಾಣದ ಕ್ರಾಂತಿಯ ನಂತರ ಬಂದು ಐಕ್ಯನಾದದ್ದೂ ಇಲ್ಲಿ. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಹಿನ್ನೀರು ಈ ಜಾಗದವರೆಗೂ ಬರುವುದರಿಂದ, ಐಕ್ಯ ಮಂಟಪ ಮುಳುಗದಂತೆ ಅದರ ಸುತ್ತ ಎತ್ತರದ ದುಂಡನೆಯ ಗೋಡೆ ಕಟ್ಟಿದ್ದಾರೆ. ಈಗ ಮಂಟಪವನ್ನು ಕಾಣಬೇಕಾದರೆ ಆ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗಬೇಕು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಮನೆ ಕಳೆದುಕೊಂಡು ನವನಗರಕ್ಕೆ ಬಂದ ನಮ್ಮಂಥವರಿಗೆ, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ಕೈಮುಗಿಯುವಾಗ ಮನಸ್ಸಿನಲ್ಲಿ ಏನೇನು ಹಾದುಹೋಗುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಗಮೇಶ್ವರನ ಗುಡಿಯಲ್ಲಿ ದರ್ಶನ ಮಾಡಿ, ಎರಡು ಹೊಳೆಗಳು ಕೂಡುವ ಕಡೆ ಮೆಟ್ಟಿಲ ಮೇಲೆ ಕುಳಿತು, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಗುರೆಳ್ಳು ಚಟ್ನಿ, ಕೆನೆಮೊಸರು ತಿಂದೆವು.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆಗೆ ಬಂದಾಗ ಹನ್ನೊಂದು ಗಂಟೆಯಾಗಿತ್ತು. ಹೆಚ್ಚಿನವರು ದುರ್ಗದ ಗುಡಿಯ ಗಜಪೃಷ್ಠದ ಸುತ್ತು ಬಂದು, ಲಾಡಖಾನ ಗುಡಿಯನ್ನು ನೋಡಿ ತಿರುಗಿಬಿಡುತ್ತಾರೆ. ಗುಡ್ಡದ ಮೇಲಿನ ಮೇಗುತಿಗೆ ಹತ್ತುವವರು ಕಡಿಮೆ. ಆದರೆ ಐಹೊಳೆಗೆ ಬಂದು ಮೇಗುತಿಯನ್ನು ನೋಡದೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕವಿ ರವಿಕೀರ್ತಿ ಕಟ್ಟಿಸಿದ ಈ ಜಿನಾಲಯದ ಗೋಡೆಯಲ್ಲಿ 634ನೆಯ ಇಸವಿಯ ಶಾಸನವಿದೆ. ಉತ್ತರಾಪಥದ ಹರ್ಷನ ಹರ್ಷವನ್ನು ಇಮ್ಮಡಿ ಪುಲಕೇಶಿ ಅಡಗಿಸಿದ ಕಥೆ ನಮಗೆ ತಿಳಿದಿರುವುದು ಈ ಕಲ್ಲಿನಿಂದ. ತನ್ನನ್ನು ಕಾಳಿದಾಸ ಮತ್ತು ಭಾರವಿಯರ ಸಾಲಿಗೆ ಸೇರಿಸಿಕೊಳ್ಳುವ ಧೈರ್ಯವನ್ನು ರವಿಕೀರ್ತಿ ತೋರಿಸಿದ್ದರಿಂದ, ಆ ಮಹಾಕವಿಗಳ ಕಾಲವನ್ನು ಗುರುತಿಸುವವರಿಗೂ ಈ ಶಾಸನವೇ ಆಧಾರವಾಗಿದೆ. ಮೇಲೆ ನಿಂತರೆ ಇಡೀ ಊರು, ಅದರ ನಡುವೆ ಎಣಿಸಲು ಬಾರದಷ್ಟು ಗುಡಿಗಳು, ಅದರಾಚೆ ಮಲಪ್ರಭೆಯ ತಿರುವು ಕಾಣುತ್ತವೆ. ಕ್ಷತ್ರಿಯರನ್ನು ಸಂಹರಿಸಿದ ಪರಶುರಾಮ ತನ್ನ ಕೊಡಲಿಯನ್ನು ತೊಳೆದದ್ದು ಈ ಹೊಳೆಯಲ್ಲಿ ಎಂದು ಊರಿನವರು ಹೇಳುತ್ತಾರೆ. ಆ ಕೊಡಲಿಯ ಕಥೆ ಮುಂದೆ ನಮ್ಮೊಂದಿಗೇ ಬಂತು.

ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಉತ್ತರವಾಹಿನಿಯಾದ ನದಿಯ ದಂಡೆ ಪವಿತ್ರವೆಂಬ ನಂಬಿಕೆಯಿಂದಲೇ ಚಾಲುಕ್ಯ ಅರಸರು ಪಟ್ಟ ಕಟ್ಟಿಸಿಕೊಳ್ಳಲು ಈ ಜಾಗವನ್ನು ಆರಿಸಿಕೊಂಡರು ಎನ್ನುತ್ತಾರೆ. ಉತ್ತರದ ರೇಖಾನಾಗರ ಶಿಖರದ ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥ ಗುಡಿಗಳ ಪಕ್ಕದಲ್ಲಿಯೇ ದಕ್ಷಿಣದ ದ್ರಾವಿಡ ವಿಮಾನದ ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳು ನಿಂತಿರುವುದನ್ನು ನೋಡಿದಾಗ, ಎರಡೂ ದಿಕ್ಕಿನ ಶಿಲ್ಪಿಗಳು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತ ಕೈಯಾಡಿಸಿದಂತೆ ತೋರುತ್ತದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅದರ ಮಗ್ಗುಲಲ್ಲೇ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದವಳು ಅವಳ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಆವರಣದ ಅತಿ ದೊಡ್ಡ ಎರಡು ಕಟ್ಟಡಗಳು ಹೆಣ್ಣುಮಕ್ಕಳ ಸಂಕಲ್ಪದಿಂದ ಎದ್ದವೆಂಬುದನ್ನು ಮಗಳಿಗೆ ಎರಡು ಸಲ ಹೇಳಿದೆ.

ಅತ್ತೆಯವರಿಗೆ ನೆನಪಾದದ್ದು ಬೇರೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಈ ಗುಡಿಗಳನ್ನೆಲ್ಲ ಸುತ್ತುವರಿದಾಗ, ಹೊಳೆಸಾಲಿನ ಊರುಗಳ ಜನ ದನಕರುಗಳೊಂದಿಗೆ ಎತ್ತರದ ಜಾಗಕ್ಕೆ ಹೋಗಿ ದಿನಗಟ್ಟಲೆ ಇದ್ದರು. ಅವರ ತವರಿನವರೂ ಅವರಲ್ಲಿದ್ದರು. “ಬ್ಯಾಸಗ್ಯಾಗ ಒಂದ್ ಕೊಡ ನೀರಿಗೆ ಅಳಸ್ತಾಳ, ಮಳಿಗಾಲದಾಗ ಮನೀನ ಎಳಕೊಂಡ್ ಹೋಗ್ತಾಳ” ಎಂದು ಅವರು ಹೇಳಿದ್ದರಲ್ಲಿ ದೂರಿರಲಿಲ್ಲ. ಮನೆಯ ಹಿರಿಯಳೊಬ್ಬಳ ಸ್ವಭಾವವನ್ನು ಹೇಳುವಂತೆ ಹೇಳಿದರು.

ಎರಡನೆಯ ದಿನ: ಬಾದಾಮಿ, ಮಹಾಕೂಟ, ಎಲ್ಲಮ್ಮನ ಗುಡ್ಡ

ಬಾದಾಮಿಯಲ್ಲಿ ರಾತ್ರಿ ಉಳಿಯುವವರು ಬಾಗಿಲು ತೆರೆಯುತ್ತಲೇ ಗುಹೆಗಳಿಗೆ ಹೋಗಬೇಕು. ಬೆಳಗಿನ ಹೊತ್ತಿನಲ್ಲಿ ಬಂಡೆಯ ಕೆಂಪು ಅಗಸ್ತ್ಯತೀರ್ಥದ ಹಸಿರು ನೀರಿನ ಮೇಲೆ ಬೀಳುವುದನ್ನು ಮಧ್ಯಾಹ್ನ ಬಂದವರು ಕಾಣಲಾರರು. ಮೂರನೆಯ ಗುಹೆಯಲ್ಲಿ ಮಂಗಲೇಶನ 578ನೆಯ ಇಸವಿಯ ಶಾಸನವಿದೆ. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಜನ ಸೇರುವುದು ಸಹಜ. ನಾನು ಈ ಸಲ ಹೆಚ್ಚು ಹೊತ್ತು ನೋಡಿದ್ದು ಮೂರ್ತಿಗಳನ್ನಲ್ಲ, ಕಲ್ಲನ್ನು. ಬಾದಾಮಿಯ ಮರಳುಗಲ್ಲು ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳಿನ ಪದರಗಳು ಗಟ್ಟಿಯಾಗಿ ಆದದ್ದು. ಬಂಡೆಯ ಮೈಮೇಲೆ ಅಡ್ಡಡ್ಡ ಗೆರೆಗಳು, ಕೆಲವೆಡೆ ಅಲೆಗಳ ಅಚ್ಚು ಈಗಲೂ ಸ್ಪಷ್ಟವಾಗಿ ಕಾಣುತ್ತವೆ. ಬೆಣಚುಕಲ್ಲಿನಷ್ಟು ಬಿರುಸಲ್ಲದ, ಪದರ ಪದರವಾಗಿ ಉಳಿಗೆ ಒಲಿಯುವ ಈ ಕಲ್ಲು ಇಲ್ಲದಿದ್ದರೆ ಐಹೊಳೆಯ ಪ್ರಯೋಗಗಳೂ ಇಲ್ಲ, ಪಟ್ಟದಕಲ್ಲಿನ ಸೂಕ್ಷ್ಮ ಕೆತ್ತನೆಗಳೂ ಇಲ್ಲ. ಭೂತನಾಥನ ಗುಡಿಯ ಕಡೆ ನಡೆದುಹೋದಾಗ, ಹಿಂದಿನ ರಾತ್ರಿ ಸುರಿದ ಮಳೆಯಿಂದ ಅಕ್ಕ-ತಂಗಿ ಜಲಪಾತದ ಎರಡು ಸೆಳಕುಗಳು ಬಂಡೆಯಿಂದ ಇಳಿಯುತ್ತಿದ್ದವು. ಮಳೆ ನಿಂತ ಮೇಲೆ ಅವು ಹೆಚ್ಚು ಹೊತ್ತು ಉಳಿಯುವುದಿಲ್ಲ.

ಮಹಾಕೂಟದ ವಿಷ್ಣು ಪುಷ್ಕರಿಣಿಗೆ ಗುಡ್ಡದೊಳಗಿನ ಊಟೆಯಿಂದ ನೀರು ಬರುತ್ತದೆ. ಸುತ್ತಲಿನ ನೆಲವೆಲ್ಲ ಒಣಗಿದಾಗಲೂ ಅದು ತುಂಬಿರುತ್ತದೆ. ಇಲ್ಲಿದ್ದ ಮಂಗಲೇಶನ ಶಾಸನದ ಕಂಬವನ್ನು ನೋಡಬೇಕೆನ್ನುವವರು ವಿಜಯಪುರಕ್ಕೆ ಹೋಗಬೇಕು, ಅದು ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿದೆ. ಮಧ್ಯಾಹ್ನದ ಊಟ ಬನಶಂಕರಿಯಲ್ಲಾಯಿತು. ದೇವಸ್ಥಾನದ ಹೊರಗೆ ಬುಟ್ಟಿ ಹೊತ್ತು ಕೂಡುವ ತಾಯಂದಿರು ಕಟಕ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಡಿಗೆಯ ಮೊಸರು ಬಡಿಸಿ, ಇನ್ನಷ್ಟು ಉಣ್ಣಿರೆಂದು ಒತ್ತಾಯ ಮಾಡುತ್ತಾರೆ. ಆ ಊಟಕ್ಕೆ ಸಮನಾದದ್ದು ಈ ಇಡೀ ದಾರಿಯಲ್ಲಿ ಮತ್ತೆ ಸಿಗಲಿಲ್ಲ.

ರಾಮದುರ್ಗದ ಮೇಲಿಂದ ಸವದತ್ತಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ನವಿಲುತೀರ್ಥದಲ್ಲಿ ಮಲಪ್ರಭೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳುತ್ತದೆ, ಆ ಇಕ್ಕಟ್ಟಿಗೇ ಅಣೆಕಟ್ಟೆ ಕಟ್ಟಿದ್ದಾರೆ. ಹಿಂದೆ ಹರಡಿಕೊಂಡಿರುವ ರೇಣುಕಾಸಾಗರದಲ್ಲಿ 37.73 ಟಿಎಂಸಿ ನೀರು ನಿಲ್ಲಬಹುದು. ಈ ವರ್ಷ ಅದು ತುಂಬಿದ್ದನ್ನು ನೋಡಿ ಯಜಮಾನರಿಗೆ ಆದ ಸಂತೋಷ, ಹೊಲ ಇರುವವರಿಗೆ ಮಾತ್ರ ಆಗುವಂಥದು. ಜಲಾಶಯಕ್ಕೆ ರೇಣುಕೆಯ ಹೆಸರಿಟ್ಟದ್ದು ತಕ್ಕದ್ದೇ ಆಗಿದೆ. ಜಮದಗ್ನಿಯ ಪೂಜೆಗೆ ನೀರು ತರಲು ರೇಣುಕೆ ದಿನವೂ ಹೋಗುತ್ತಿದ್ದದ್ದು ಮಲಪ್ರಭೆಗೆ. ದಂಡೆಯ ಮರಳಿನಿಂದ ಅಲ್ಲಿಯೇ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ, ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಮನಸ್ಸು ಒಂದು ಕ್ಷಣ ಚಂಚಲವಾದ ದಿನ ಮರಳು ಕೊಡವಾಗಲಿಲ್ಲ. ಮುಂದೆ ಮಗ ಪರಶುರಾಮ ತಂದೆಯ ಮಾತಿಗೆ ತಾಯಿಯ ಮೇಲೆ ಎತ್ತಿದ ಕೊಡಲಿಯೇ ಐಹೊಳೆಯಲ್ಲಿ ನಾವು ಕೇಳಿದ ಕೊಡಲಿ. ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಣೆಗಿಟ್ಟುಕೊಂಡು, “ಉಧೋ ಉಧೋ” ಎನ್ನುವ ಗುಂಪಿನ ನಡುವೆ ನಿಂತಾಗ, ಒಂದೇ ಹೊಳೆಯ ದಂಡೆಯಲ್ಲಿ ತಾಯಿ ಮತ್ತು ಮಗನ ಕಥೆ ಎರಡು ಊರುಗಳಲ್ಲಿ ಹಂಚಿಕೊಂಡಿದೆ ಎಂಬುದು ನನಗೆ ಮೊದಲ ಬಾರಿಗೆ ಹೊಳೆಯಿತು. ನಾನು ಚಿಕ್ಕಂದಿನಿಂದ ಎರಡನ್ನೂ ಕೇಳಿದ್ದೆ, ಆದರೆ ಬೇರೆ ಬೇರೆಯಾಗಿ.

ಮೂರನೆಯ ದಿನ: ಸೊಗಲ, ಎಂ.ಕೆ. ಹುಬ್ಬಳ್ಳಿ, ಹಲಸಿ

ಸವದತ್ತಿ ತಾಲ್ಲೂಕಿನಲ್ಲೇ ಇರುವ ಸೊಗಲದಲ್ಲಿ ಸೋಮೇಶ್ವರನ ಗುಡಿಯ ಮಗ್ಗುಲಿಗೆ ನೀರು ಧುಮುಕುತ್ತದೆ. ಶ್ರಾವಣದಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಹೋದಾಗ ಜನ ಕಡಿಮೆ ಇದ್ದರು, ನೀರು ಚೆನ್ನಾಗಿಯೇ ಇತ್ತು. ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿಗೆ ಹೂವಿಟ್ಟು ಮುಂದೆ ನಡೆದೆವು. 1824ರಲ್ಲಿ ಕಿತ್ತೂರಿನಲ್ಲಿ ಇಂಗ್ಲಿಷರನ್ನು ಸೋಲಿಸಿದ ಆ ತಾಯಿ 1829ರಲ್ಲಿ ಸೆರೆಯಲ್ಲಿದ್ದಂತೆಯೇ ತೀರಿಕೊಂಡದ್ದು ಈ ಊರಿನಲ್ಲಿ.

ಬೆಳಗಾವಿ-ಧಾರವಾಡ ಹೆದ್ದಾರಿಯಲ್ಲಿ ಓಡಾಡುವ ಸಾವಿರಾರು ಜನ ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಮೇಲೆ ನಿಲ್ಲದೆ ಹೋಗುತ್ತಾರೆ. ಅಲ್ಲಿ ಮಲಪ್ರಭೆಯ ಪಾತ್ರದಲ್ಲಿ ಬಸವಣ್ಣನ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಾನವಿದೆ. ಸಂಗಮದಲ್ಲಿರುವಂತೆ ಇಲ್ಲಿಯೂ ನೀರಿನಿಂದ ಕಾಪಾಡಲು ಗೋಡೆ ಕಟ್ಟಿ, ಕೆಳಗೆ ಇಳಿಯಲು ಮೆಟ್ಟಿಲು ಮಾಡಿದ್ದಾರೆ. ಕಲ್ಯಾಣದಿಂದ ಶರಣರು ದಿಕ್ಕಾಪಾಲಾಗಿ ಹೊರಟಾಗ ಗಂಗಾಂಬಿಕೆ ಪಡುವಣಕ್ಕೆ ಬಂದಳು, ಬಸವಣ್ಣ ಸಂಗಮಕ್ಕೆ ಹೋದನು. ಅವಳ ಸಮಾಧಿಯನ್ನು ಮುಟ್ಟಿದ ನೀರು ಕೆಳಗೆ ಹರಿದು ಅವನ ಸಮಾಧಿಯ ಬಳಿ ಕೃಷ್ಣೆಯನ್ನು ಕೂಡುತ್ತದೆ. ಶರಣ ಪರಂಪರೆಯ ಮನೆಯಲ್ಲಿ ಬೆಳೆದ ಅತ್ತೆಯವರು ಇದನ್ನು ಕೇಳಿ ಬಹಳ ಹೊತ್ತು ಕೆಳಗಿನ ಮೆಟ್ಟಿಲ ಮೇಲೆಯೇ ಕುಳಿತರು. ಈ ಪ್ರವಾಸದಲ್ಲಿ ನಾನು ಕಂಡ ಎಲ್ಲ ಜಾಗಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ಕಿತ್ತೂರು ದಾಟಿ ಬೀಡಿ, ನಂದಗಡದ ಕಡೆ ತಿರುಗಿದ ಮೇಲೆ ನೆಲದ ಬಣ್ಣವೇ ಬದಲಾಯಿತು. ಎರೆಭೂಮಿ ಹೋಗಿ ಕೆಮ್ಮಣ್ಣು ಬಂತು, ಜೋಳ ಹೋಗಿ ಭತ್ತ ಬಂತು, ಮೇಲ್ಮುದ್ದೆಯ ಮಾಳಿಗೆ ಮನೆಗಳು ಹೋಗಿ ಇಳಿಜಾರು ಹಂಚಿನ ಮನೆಗಳು ಬಂದವು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ಜಾಗಕ್ಕೂ, ಅವನ ಸಮಾಧಿಯ ಬಳಿಯ ಆಲದ ಮರಕ್ಕೂ ನಮಸ್ಕರಿಸಿ ಹಲಸಿಗೆ ಹೋದೆವು. ಕದಂಬರ ಎರಡನೆಯ ರಾಜಧಾನಿಯಾಗಿದ್ದ ಈ ಪಲಾಶಿಕೆ ಈಗ ಸಣ್ಣ ಹಳ್ಳಿ. ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ, ವರಾಹನ ಮುಂದೆ ನಿಂತರೆ ಬೆನ್ನ ಹಿಂದೆ ಇನ್ನೊಬ್ಬ ದೇವರು. ಆ ಸಂಜೆ ಗುಡಿಯಲ್ಲಿ ನಮ್ಮನ್ನು ಬಿಟ್ಟರೆ ಪೂಜಾರಿಗಳೊಬ್ಬರೇ ಇದ್ದರು. ಇಂಥ ಜಾಗಕ್ಕೆ ನಮ್ಮ ಕಡೆಯವರು ಯಾಕೆ ಬರುವುದಿಲ್ಲವೋ ತಿಳಿಯದು. ರಾತ್ರಿ ಖಾನಾಪುರದಲ್ಲಿ ಉಳಿದೆವು.

ನಾಲ್ಕನೆಯ ದಿನ: ಕಣಕುಂಬಿ, ಚೋರ್ಲಾ ಘಟ್ಟ, ಪಣಜಿ

ಜಾಂಬೋಟಿಯ ದಾರಿಯಲ್ಲಿ ಮಲಪ್ರಭೆ ಪಕ್ಕಕ್ಕೆ ಬಂದು ಬಂದು ಹೋಗುತ್ತದೆ. ಹಬ್ಬನಹಟ್ಟಿಯ ಸ್ವಯಂಭೂ ಮಾರುತಿ ಗುಡಿ ಹೊಳೆಯ ಅಂಚಿನಲ್ಲಿಯೇ ಇದ್ದು, ಜೋರು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುತ್ತದೆ. ಅಲ್ಲಿಂದ ಮುಂದೆ ಕಾಡು ದಟ್ಟವಾಗುತ್ತದೆ. ಈ ದಾರಿಯ ದಕ್ಷಿಣಕ್ಕೆ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮವಿದೆ. ಮಹದಾಯಿ ಧುಮುಕುವ ವಜ್ರಪೋಹ ಜಲಪಾತ ಈ ಕಾಡಿನ ಭಾಗದಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿಕೊಂಡು, ನಡೆಯಬಲ್ಲವರು ಮಾತ್ರ ಹೋಗಬೇಕಾದ ಜಾಗವಾದ್ದರಿಂದ ಅತ್ತೆಯವರೊಂದಿಗೆ ನಾವು ಆ ಕಡೆ ತಿರುಗಲಿಲ್ಲ.

ಕಣಕುಂಬಿಯಲ್ಲಿ ಮಾವುಲಿ ದೇವಿಯ ಗುಡಿ, ಅದರ ಸಮೀಪದಲ್ಲಿ ಮಲಪ್ರಭೆಯ ಉಗಮದ ತೀರ್ಥ ಇವೆ. ಸುತ್ತ ಹಸಿರು, ಮೇಲೆ ಸರಿದಾಡುವ ಮೋಡ. ಕಟ್ಟೆ ಕಟ್ಟಿದ ಕೊಳದಿಂದ ಹೊರಡುವ ನೀರು ಇಷ್ಟೇ ಇಷ್ಟು. ಪಟ್ಟದಕಲ್ಲಿನ ಶಿಖರಗಳ ಸುತ್ತ ಪ್ರಳಯದಂತೆ ನಿಂತ ಹೊಳೆ ಇದೇ ಎಂದು ಹೇಳಿದರೆ ಮಗಳು ನಂಬಲಿಲ್ಲ. ಅತ್ತೆಯವರು ನೀರಿಗೆ ಅರಿಷಿಣ ಕುಂಕುಮ ಏರಿಸಿ, ಇಳಕಲ್ಲ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, “ಇಷ್ಟ ಸಣ್ಣಾಕಿ ಇದ್ದೀ ಏನವ್ವಾ ನೀ” ಎಂದರು.

ಕಣಕುಂಬಿಯ ನೆಲದಲ್ಲಿ ನಿಂತು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಉಗಮಕ್ಕೆ ಬಹಳ ಸಮೀಪದಲ್ಲೇ ಕಳಸಾ ಹಳ್ಳ ಹರಿಯುತ್ತದೆ. ಅದು ಮಹದಾಯಿಯ ಕೂಸು. ಈ ದಿಬ್ಬದ ಒಂದು ಮಗ್ಗುಲಿಗೆ ಬಿದ್ದ ಮಳೆ ಮಲಪ್ರಭೆಯಾಗಿ, ಕೃಷ್ಣೆಯಾಗಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಕೆಲವೇ ಗಂಟೆಗಳ ದಾರಿ ನಡೆದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಕಳಸಾ-ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ನಮ್ಮ ಭಾಗದ ಬೇಡಿಕೆಯ ಮೂಲ ಇದು. ಮಹದಾಯಿ ನ್ಯಾಯಮಂಡಳಿ 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟು, ಅದರಲ್ಲಿ 3.9 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿತು. ಪತ್ರಿಕೆಯಲ್ಲಿ ಓದುವಾಗ ಬರಿಯ ಅಂಕಿಗಳಾಗಿದ್ದ ಇವು, ಎರಡು ನೀರುಗಳ ನಡುವಿನ ದಿಬ್ಬವನ್ನು ಕಣ್ಣಾರೆ ಕಂಡಮೇಲೆ ಬೇರೆಯಾದವು. ಹಾಗೆಯೇ ಆ ಕಾಡಿನ ದಟ್ಟಣೆಯನ್ನು ನೋಡಿದಾಗ, ಅದನ್ನು ಕೆದಕಬಾರದೆನ್ನುವವರ ಕಳವಳವನ್ನೂ ತಳ್ಳಿಹಾಕುವುದು ಸಾಧ್ಯವಾಗಲಿಲ್ಲ. ಕಾಡು ಉಳಿಯದಿದ್ದರೆ ತಿರುಗಿಸಲು ನೀರಾದರೂ ಎಲ್ಲಿರುತ್ತದೆ?

ಚೋರ್ಲಾ ಘಟ್ಟದ ತಿರುವುಗಳಲ್ಲಿ ಎದುರಿನ ಬೆಟ್ಟಗಳ ಮೇಲಿಂದ ಬಿಳಿಯ ನೀರಿನ ಎಳೆಗಳು ಇಳಿಯುತ್ತಿದ್ದವು. ಸಾಂಖಳಿಯ ಮೇಲಿಂದ ಪಣಜಿಗೆ ಬಂದು, ಮಹದಾಯಿಯು ಮಾಂಡವಿಯಾಗಿ ಕಡಲನ್ನು ಕೂಡುವ ಮಿರಾಮಾರ್ ತೀರದಲ್ಲಿ ಸಂಜೆ ಇಳಿದೆವು. ಪರಶುರಾಮ ಸಹ್ಯಾದ್ರಿಯ ಮೇಲೆ ನಿಂತು ಕೊಡಲಿ ಬೀಸಿ ಒಗೆದನೆಂದೂ, ಅಲ್ಲಿಯವರೆಗೆ ಸಮುದ್ರ ಹಿಂದೆ ಸರಿದು ಈ ನೆಲ ಎದ್ದಿತೆಂದೂ ಕರಾವಳಿಯವರೆಲ್ಲ ಹೇಳುತ್ತಾರೆ. ಸವದತ್ತಿಯಲ್ಲಿ ಎತ್ತಿದ ಕೊಡಲಿ, ಐಹೊಳೆಯಲ್ಲಿ ತೊಳೆದ ಕೊಡಲಿ, ಇಲ್ಲಿ ಬಿದ್ದಿತು. ಮೂರು ಕಡೆಯ ಜನರೂ ತಮ್ಮ ತಮ್ಮ ಭಾಗವನ್ನು ಕಾಪಾಡಿಕೊಂಡು ಬಂದಿದ್ದಾರೆ. ಇಡೀ ಕಥೆ ಸಿಗುವುದು ಆ ದಾರಿಯನ್ನು ಪೂರ್ತಿ ನಡೆದವರಿಗೆ.

ಐದನೆಯ ದಿನ: ಕಾರವಾರ, ಗೋಕರ್ಣ

ಹೆದ್ದಾರಿ 66ರಲ್ಲಿ ಕಾಣಕೋಣ ದಾಟಿ ಮಾಜಾಳಿಯಲ್ಲಿ ಮತ್ತೆ ಕರ್ನಾಟಕಕ್ಕೆ ಕಾಲಿಟ್ಟೆವು. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಅವರು ಹರೆಯದಲ್ಲಿ ಬಂದು ಉಳಿದಿದ್ದರು. ಅಂಕೋಲೆಯಾಚೆ, 2024ರ ಜುಲೈನಲ್ಲಿ ಗುಡ್ಡ ಕುಸಿದು ಜೀವಗಳನ್ನು ತೆಗೆದುಕೊಂಡ ಶಿರೂರಿನಲ್ಲಿ ಗಾಡಿಯ ವೇಗ ತಾನಾಗಿಯೇ ಕಡಿಮೆಯಾಯಿತು. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ. ಗೋಕರ್ಣದಲ್ಲಿ ಕೋಟಿತೀರ್ಥ, ಮಹಾಬಲೇಶ್ವರನ ದರ್ಶನ, ಸಂಜೆ ಓಂ ಕಡಲತೀರ. ಜನಸಂದಣಿ ವಿಪರೀತವಾಗಿತ್ತು. ಗೋಕರ್ಣದ ಬಗ್ಗೆ ಬರೆದವರು ಬಹಳ ಜನರಿರುವುದರಿಂದ ನಾನು ಹೆಚ್ಚು ಬರೆಯುವುದಿಲ್ಲ.

ಆರನೆಯ ದಿನ: ಮಾಗೋಡು, ನವಲಗುಂದ

ಅರಬೈಲ್ ಘಟ್ಟವನ್ನು ಹತ್ತಿ ಯಲ್ಲಾಪುರದಿಂದ ಮಾಗೋಡಿಗೆ ತಿರುಗಿದೆವು. ಬೇಡ್ತಿ ಇಲ್ಲಿ ಸುಮಾರು 200 ಮೀಟರು ಆಳದ ಕಣಿವೆಗೆ ಎರಡು ಹಂತಗಳಲ್ಲಿ ಬೀಳುತ್ತದೆ. ನೋಡುವ ಕಟ್ಟೆಯಿಂದ ಜಲಪಾತ ದೂರವಿದ್ದರೂ, ಇಡೀ ಕಣಿವೆ ಕಣ್ಣಿಗೆ ಸಿಗುವುದರಿಂದ ಆ ದೂರ ಇರಬೇಕಾದದ್ದೇ. ಧಾರವಾಡದ ಸೋಮೇಶ್ವರ ಗುಡಿಯಲ್ಲಿ ಹುಟ್ಟುವ ಶಾಲ್ಮಲೆ ಈ ಬೇಡ್ತಿಯನ್ನು ಸೇರುತ್ತದೆ, ಬೇಡ್ತಿ ಕೆಳಗೆ ಗಂಗಾವಳಿಯಾಗುತ್ತದೆ. ಧಾರವಾಡದ ನೆಲದಿಂದಲೂ ನೀರು ಪಡುವಣಕ್ಕೆ ಹೋಗುತ್ತದೆ ಎಂಬುದನ್ನು ಮಗಳು ನಕಾಶೆಯಲ್ಲಿ ಬೆರಳಿಟ್ಟು ನೋಡಿ ಖಾತ್ರಿ ಮಾಡಿಕೊಂಡಳು.

ಹುಬ್ಬಳ್ಳಿ ದಾಟಿ ನವಲಗುಂದದಲ್ಲಿ ಚಹಾಕ್ಕೆ ನಿಂತೆವು. ನವಿಲುತೀರ್ಥದಿಂದ ಬರುವ ಕಾಲುವೆಯ ಕೆಳಗಿನ ಊರಿದು. ನೀರು ಬರದ ಹೊಲಕ್ಕೂ ಕರ ಹೇರಿದ್ದನ್ನು ವಿರೋಧಿಸಿ 1980ರ ಜುಲೈನಲ್ಲಿ ಇಲ್ಲಿಯ ಮತ್ತು ನರಗುಂದದ ರೈತರು ಎದ್ದು ನಿಂತರು, ಗೋಲಿಬಾರಿನಲ್ಲಿ ಜೀವ ತೆತ್ತರು. ಮಹದಾಯಿ ನೀರಿಗಾಗಿ 2015ರಲ್ಲಿ ಮತ್ತೆ ಧರಣಿ ಕೂತವರೂ ಇವರೇ. ಅಂಗಡಿಯ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎಲ್ಲಿಂದ ಬಂದಿರೆಂದು ಕೇಳಿದರು. ಗೋಕರ್ಣ, ಪಣಜಿ ಎಂದೆಲ್ಲ ಹೇಳುವಾಗ ಸುಮ್ಮನಿದ್ದವರು, ಕಣಕುಂಬಿಯ ಹೆಸರು ಬಂದೊಡನೆ ಬಟ್ಟಲನ್ನು ಕೆಳಗಿಟ್ಟರು.

“ಕಳಸಾ ಹಳ್ಳದಾಗ ನೀರ ಎಷ್ಟೈತ್ರಿ ಯವ್ವಾ?”

“ತುಂಬಿ ಹರಿಯಾಕತ್ತೈತ್ರಿ ಯಣ್ಣಾ, ಆದ್ರ ಆ ಕಡೇಕ ಹೊಂಟೈತಿ” ಎಂದರು ಅತ್ತೆಯವರು.

ಹಳ್ಳದ ಅಗಲವೆಷ್ಟು, ದಿಬ್ಬದ ಎತ್ತರವೆಷ್ಟು, ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ಅವರು ಒಂದೊಂದಾಗಿ ಕೇಳುತ್ತ ಹೋದರು. ಯಜಮಾನರು ಮೊಬೈಲಿನಲ್ಲಿದ್ದ ಚಿತ್ರಗಳನ್ನು ತೋರಿಸಿದಾಗ, ಒಳಗೆ ಕುಳಿತಿದ್ದ ಇನ್ನೂ ನಾಲ್ಕು ಜನ ಎದ್ದು ಬಂದು ಸುತ್ತ ನಿಂತರು. ಚಹಾದ ರೊಕ್ಕವನ್ನು ಅವರು ನಮ್ಮಿಂದ ಕೊಡಗೊಡಲಿಲ್ಲ.